ಅರ್ಥಶಾಸ್ತ್ರದ ಬಾಗ್ಲಾಗ ರಾಟಿ

ಸಣ್ಣವ್ವ. ವಯಸ್ಸು ಎಪ್ಪತ್ತೆರಡು. ವಿಧವೆ. ಕೆಲಸ ಇಲ್ಲ. ಅವಲಂಬಿತೆ.

ನನ್ನ ಬಗ್ಗೆ ಯುನಿವರ್ಸಿಟಿ ಫಾರ್ಮಿನ್ಯಾಗ ಬರದದ್ದು ಇಷ್ಟ. ಎಲ್ಲಾನೂ ಸುಳ್ಳ ಅನ್ನಂಗಿಲ್ಲ ನಾ. ಹೆಸರು ಖರೇ. ಗಂಡ ಸತ್ತದ್ದು ಖರೇ. ವಯಸ್ಸಿನಾಗ ಒಂದೆರಡು ವರ್ಷ ನಾನ ಕದ್ದೇನಿ, ಅದು ನನ್ನ ಪಾಪ. ಕಡೀ ಎರಡು ಮಾತು ಯಾರ ಪಾಪ, ಅದನ್ನ ಹೇಳಾಕ ಕುಂತೇನಿ.

"ಅವಲಂಬಿತೆ ಅಂದ್ರ ಏನವಾ?" ಅಂತ ಮೊಮ್ಮಗಳ್ನ ಕೇಳಿದೆ.

"ಇನ್ನೊಬ್ರು ದುಡದದ್ದು ಕುಂತು ತಿನ್ನಾಕಿ ಅಂತ, ಆಯಿ," ಅಂದ್ಲು. ನೆಲಾ ನೋಡಕೋತ ಅಂದ್ಲು.

ಕುಂತೇನಿ, ಹೌದು. ಹದಿನಾಕನೇ ವರ್ಷಕ್ಕ ಲಗ್ನಾಗಿ ಗಜೇಂದ್ರಗಡಕ್ಕ ಬಂದಾಕಿ, ಅವತ್ತ ರಾಟಿ ಮುಂದ ಕುಂತಾಕಿ ಇನ್ನೂ ಎದ್ದಿಲ್ಲ. ನಮ್ಮದು ಸೀರಿ ನೇಯೋ ಮನಿ. ಮಗ್ಗದ ಕುಣಿಯಾಗ ಗಂಡಸು ಕಾಲ ಇಳಿಬಿಟ್ಟು ಕುಂದರತಾನ. ಲಾಳಿ ಹೊಡೀತಾನ. ಆ ಲಾಳಿ ಹೊಟ್ಟ್ಯಾಗ ನೂಲು ಸುತ್ತಿದ ಸಣ್ಣ ಕೊಳವಿ ಇರತೈತಿ, ಅದಕ್ಕ ಕಂಡಿಕಿ ಅಂತಾರ. ಕಂಡಿಕಿ ಸುತ್ತಾವ್ರು ನಾವು ಹೆಣ್ಮಕ್ಳು. ಬಲಗೈಲೆ ರಾಟಿ ತಿರವಬೇಕು, ಎಡಗೈ ಬೆರಳಾಗ ನೂಲು ಹಿಡೀಬೇಕು. ನನ್ನ ಎಡಗೈ ಬೆರಳು ನೋಡ್ರಿ, ನೂಲು ಕೊರದು ಕೊರದು ಕಾಲುವಿ ಬಿದ್ದೈತಿ. ನರಗುಂದದ ಕಾಲುವ್ಯಾಗ ನೀರು ಬರಲಿ ಬಿಡಲಿ, ಇದ್ರಾಗ ಚಳಿಗಾಲ ಬಂತಂದ್ರ ರಕ್ತ ಹರೀತೈತಿ. ನಾ ಸುತ್ತಿದ ನೂಲು ಬಿಚ್ಚಿದ್ರ ಗಜೇಂದ್ರಗಡದ ಗುಡ್ಡಕ್ಕ ಏಳು ಸುತ್ತು ಹಾಕಿ, ರೋಣ ಸುತ್ತಿ, ನರಗುಂದ ಸುತ್ತಿ, ಮಿಕ್ಕಿದ್ರಾಗ ಚಂದಪ್ಪಗ ಒಂದು ಉಡದಾರ ಕಟ್ಟಬಹುದು.

ಕಂಡಿಕಿ ಅಷ್ಟ ಅಲ್ಲ. ನೂಲಿಗಿ ಗಂಜಿ ಕಾಸಿ ಹಚ್ಚಾವ್ರು ನಾವು. ಮಗ್ಗದಾಗ ಉದ್ದಕ ಬಿಗದ ಎಳಿ, ಅದಕ್ಕ ಹಾಸು ಅಂತಾರ, ಅದು ತೀರಿತಂದ್ರ, ಹಳೇ ಎಳಿಗಿ ಹೊಸಾ ಎಳಿ ಹೊಸೆದು ಕೆಚ್ಚಾವ್ರು ನಾವು. ಬೆರಳಿಗಿ ಬೂದಿ ಹಚಿಗೊಂಡು, ಒಂದೊಂದ ಎಳಿ, ಸಾವಿರಗಟ್ಟಲೆ. ಕುತಿಗಿ ಸೆಟದು ಕಟಿಗಿ ಆಗತೈತಿ. ಮುಗಿಸಿ ತಲಿ ಎತ್ತಿದ್ರ ಆಕಾಶದಾಗೂ ಎಳೀನ ಕಾಣತಾವು.

ಇದಕ್ಕ ಕೆಲಸ ಇಲ್ಲ ಅಂತಾರಂತ.

ಮೊಮ್ಮಗಳು ಮಧುಮತಿ ಎಂಎ ಓದತಾಳ. ಅರ್ಥಶಾಸ್ತ್ರ. ಯಾವ ಯುನಿವರ್ಸಿಟಿ ಅಂತ ಕೇಳಬ್ಯಾಡ್ರಿ, ಹೆಸರು ಹೇಳಿದ್ರ ನನ್ನ ಬಾಯಾಗ ಉಳದ ನಾಕು ಹಲ್ಲೂ ಹುಡುಗಿ ಉದುರಸತಾಳ. ನಮ್ಮ ಓಣ್ಯಾಗ ಅಷ್ಟು ಓದಿದಾಕಿ ಅಕೀನ ಮೊದಲು. ಅಕಿ ಹದಿನೇಳು ವರ್ಷ ಸಾಲಿ ಕಲತಾಳ, ನಾ ಎರಡು. ಇಬ್ರದೂ ಕೂಡಿಸಿ ಹತ್ತೊಂಬತ್ತು ಅಂತ ಮಂದಿಗಿ ಹೇಳತೇನಿ.

"ಅದ್ರಾಗ ಏನ ಕಲಸತಾರ?" ಅಂತ ಒಮ್ಮಿ ಕೇಳಿದ್ದೆ.

"ಮಂದಿ ಹೆಂಗ ದುಡೀತಾರ, ದುಡದದ್ದು ಯಾರ ಕಡೆ ಹೋಗತೈತಿ ಅಂತ, ಆಯಿ."

"ಅದಕ್ಕ ಅಷ್ಟು ದೂರ ಯಾಕ ಹೋದಿ? ನನ್ನ ಬಾಜೂಕ ಕುಂತಿದ್ರ ಆಗತಿತ್ತು."

ನಾ ಚ್ಯಾಷ್ಟಿಗಿ ಅಂದೆ. ಅಕಿ ಖರೇ ಮಾಡಿದ್ಲು. ಕಡೀ ವರ್ಷ ಒಂದು ಪ್ರಾಜೆಕ್ಟು ಬರೀಬೇಕಂತ. ಅದಿಲ್ದ ಎಂಎ ಇಲ್ಲಂತ. ರಜಾಕ್ಕ ಮನಿಗಿ ಬಂದು ನನ್ನ ಬಾಜೂಕ ಕುಂತ್ಲು. ಮೊಬೈಲಿನಾಗ ತಾಸು ನೋಡಿ ನೋಡಿ ಬರಕೊಂಡ್ಲು. ನಾನು, ನನ್ನ ಸೊಸಿ ವೀರವ್ವ, ಬಾಜೂ ಮನಿ ಮದರಬಿ, ಯಾರು ಎಷ್ಟೊತ್ತು ಕುಂತ್ರು, ಏನ ಮಾಡಿದ್ರು. ಮದರಬಿ ಗಂಡ ಬಾಬುಸಾಬ ಗಾದಿ ಹೊಲೀತಾನ. ಅಕಿ ಮೂವತ್ತು ವರ್ಷದಿಂದ ನಮ್ಮ ಮಗ್ಗಕ್ಕ ಕಂಡಿಕಿ ಸುತ್ತತಾಳ. ನಮ್ಮದೊಂದ ಅಲ್ಲ, ಊರಾಗ ಇಂಥಾ ನಲವತ್ತು ಮನಿ ತಿರುಗಿದ್ಲು ಹುಡುಗಿ. ಚಪ್ಪಲಿ ಅರ್ಧಾ ಸವದ್ವು.

ಕಡೀಕ ನನ್ನ ಮಗ ಮುತ್ತಪ್ಪನ ಮುಂದ ಓದಿದ್ಲು. "ಅಪ್ಪಾ, ಒಂದು ಸೀರಿಗಿ ನೀ ಮಗ್ಗದಾಗ ಕುಂತದ್ದು ಇಪ್ಪತ್ತೆಂಟು ತಾಸು. ಈ ಮೂವರೂ ಕೂಡಿ ಮಾಡಿದ್ದು ಮೂವತ್ತೊಂದು ತಾಸು."

ಮುತ್ತಪ್ಪ ನಕ್ಕ. "ಹೌದೇನ? ಇರಬೇಕ ಬಿಡು," ಅಂದ. ಅಷ್ಟ.

ಅಕಿ ಗೈಡು ಅಂತ ಒಬ್ಬ ಅದಾನ. ಬಸವಪ್ರಸಾದ ಸರ್. ಅಂವ ಓದಿ, ಹೇಳಿ, ಸಹಿ ಮಾಡಬೇಕು. ಅಂವ ಆ ತಾಸಿನ ಲೆಕ್ಕದ ಹಾಳಿ ಮ್ಯಾಲ ಕೆಂಪು ಪೆನ್ನಿಲೆ ಉದ್ದಕ ಗೀಟು ಎಳದ. ಮನೆಗೆಲಸ ಅಂತ ಬರೀ ಅಂದ. ಹುಡುಗಿ ಒಲ್ಲೆ ಅಂದ್ಲು. ಹಂಗಾದ್ರ ನಾನ ಬಂದು ನೋಡತೇನಿ ಅಂತ ಒಂದು ಶನಿವಾರ ಕಾರ ತಗೊಂಡು ನಮ್ಮ ಮನಿಗಿ ಬಂದ.

ತಲಿಗಿ ಕರೀ ಬಣ್ಣ ಬಡಕೊಂಡಿದ್ದ. ಬೆವರಿನ ಜೋಡಿ ಕಿವಿ ಹಿಂದ ಇಳದಿತ್ತು. ಅಂಥಾ ಬಣ್ಣದ ಸೀರಿ ನಾವು ಮಾರಿದ್ರ ಗಿರಾಕಿ ನಮ್ಮನ್ನ ಚಪ್ಪಲಿಲೆ ಹೊಡೀತಾರ.

ಮುತ್ತಪ್ಪ ಮಗ್ಗದಾಗ ಕುಂತಿದ್ದ. ನಾನು ಮದರಬಿ ಗೋಡಿ ಕಡೆ ರಾಟಿ ಮುಂದ. ವೀರವ್ವ ಸಜ್ಜಕ ಮಾಡಿ ತಂದು ಇಟ್ಲು. ಅಂವ ತಿಂದ. ಎರಡು ಸಲ ಹಾಕಿಸಿಕೊಂಡ. ತಿಂದು ಬಾಯಿ ವರಸ್ಕೊಂಡು ಕೇಳಿದ.

"ಮುತ್ತಪ್ಪನವರೇ, ಈ ಮಗ್ಗದಲ್ಲಿ ಯಾರು ಯಾರು ಕೆಲಸ ಮಾಡ್ತೀರಿ?"

"ನಾ ಒಬ್ಬನ ರೀ," ಅಂದ ನನ್ನ ಮಗ.

ಕಾಲ ಬುಡಕ ನಾ ಸುತ್ತಿಟ್ಟ ಎಂಟು ಕಂಡಿಕಿ ಇದ್ವು. ಅವನ್ನ ನೋಡಕೋತನ ಹಂಗ ಅಂದ.

"ಮತ್ತೆ ಇವರೆಲ್ಲ?" ಅಂದ ಸರ್.

"ಅವ್ರು ಮನ್ಯಾಗ ಇರ್ತಾರ್ರಿ. ಸುಮ್ನ ಕುಂತಾಗ ಅಷ್ಟು ಇಷ್ಟು ಕೈ ಹಚ್ಚತಾರ."

ಅಂವಗ ಹಗಿ ಇರಲಿಲ್ಲ. ಅಂವನ ಅಪ್ಪನೂ ಹಿಂಗ ಅಂತಿದ್ದ, ಅವನಪ್ಪನೂ ಹಿಂಗ. ನೇಕಾರ ಓಣ್ಯಾಗ ಒಂದು ಮಗ್ಗ ಅಂದ್ರ ಒಬ್ಬ ಗಂಡಸು. ಸರಕಾರದ ಕಾರ್ಡಿನ್ಯಾಗೂ ಅವನ ಒಬ್ಬನ ಫೋಟೋ. ಕೇಳಿದವ್ರಿಗಿ ನಾ ಒಬ್ಬನ ಅನ್ನೋದು ಈ ಗಂಡಸ್ರಿಗಿ ನಮಸ್ಕಾರ್ರಿ ಅಂದಂಗ. ಬಾಯಿಗಿ ಬಂದಿದ್ದು ಅಂತಾರ.

ಸರ್ ಮಧುಮತಿ ಕಡೆ ತಿರುಗಿದ. ಮಾರಿ ಅರಳಿತ್ತು. "ಕೇಳಿದ್ಯಾ? ನಿಮ್ಮ ತಂದೇನೇ ಹೇಳ್ತಿದ್ದಾರೆ. ಬರೀ." ಹುಡುಗಿ ಬರೀಲಿಲ್ಲ. ಸರ್ ತಾನ ಯುನಿವರ್ಸಿಟಿ ಫಾರ್ಮು ತಗದು ಬರದ. ನನ್ನ ಮಾರಿ ನೋಡಲಿಲ್ಲ. ನನ್ನ ಹೆಸರನ್ನ ಮಗನ್ನ ಕೇಳಿದ. ನಾ ಎದುರಿಗಿ ಕುಂತೇನಿ, ಬಾಯಿ ಐತಿ, ನಾಲಿಗಿ ಐತಿ, ಊರಾಗ ಯಾರದೂ ಅಷ್ಟು ಉದ್ದ ಇಲ್ಲ. ನನ್ನ ಕೇಳಲಿಲ್ಲ. ವೀರವ್ವಗೂ ಹಂಗ ಬರದ. ಕೆಲಸ ಇಲ್ಲ. ಅವಲಂಬಿತೆ.

"ಈಕಿ?" ಅಂತ ನಾ ಮದರಬೀನ ತೋರಿಸಿದೆ.

"ಅವರು ಈ ಕುಟುಂಬದವರಲ್ಲ. ಅವರು ಬರೋದಿಲ್ಲ."

ಹೋಗೋ ಮುಂದ ಬಾಗ್ಲಾಗ ನಿಂತು ಹುಡುಗಿಗಿ ಹೇಳಿದ. "ಸೋಮವಾರ ಕೊನೇ ದಿನ. ನಾನು ಬರೆದ ಹಾಗೆ ತಿದ್ದಿ ತಂದ್ರೆ ಸಹಿ. ಇಲ್ಲಾಂದ್ರೆ ಒಂದು ವರ್ಷ ಹೋಯ್ತು ಅಂತ ತಿಳ್ಕೋ. ನಿಮ್ಮಂಥವರಿಗೆ ಯುನಿವರ್ಸಿಟೀಲಿ ಸೀಟು ಸಿಗೋದೇ ದೊಡ್ಡದು. ನಿಮ್ಮ ಅಜ್ಜಿ ಕಥೆ ಬರೆಯೋಕೆ ಅರ್ಥಶಾಸ್ತ್ರ ಇಲ್ಲ."

ಕಾರು ಹೋತು. ಮದರಬಿ ಅಂದ್ಲು, "ಸಣ್ಣಕ್ಕಾ, ನಿನಗ ಕೆಲಸ ಇಲ್ಲ ಅಂದ. ನನಗ ನಾನ ಇಲ್ಲ ಅಂದ."

ನಾವಿಬ್ರೂ ನಕ್ವಿ. ನಗಿ ಅಲ್ಲ ಅದು.

ಹುಡುಗಿ ಪಡಸಾಲ್ಯಾಗ ಕುಂತು ಅಳಾಕ ಹತ್ತಿದ್ಲು. "ತಿದ್ದತೇನಿ ಆಯಿ. ವರ್ಷ ಹೋದ್ರ ಫೀ ಯಾರು ಕೊಡತಾರ? ಹಾಸ್ಟೆಲ್ ಹೋಗತೈತಿ."

ಮರುದಿನ ಮುಂಜಾನಿ ನಾ ರಾಟಿ ಮುಂದ ಕುಂದರಲಿಲ್ಲ, ಅಷ್ಟ. ಕಟ್ಟಿ ಮ್ಯಾಲ ಕುಂತು ಎಲಿ ಅಡಿಕಿ ಹಾಕ್ಕೊಂಡೆ. ವೀರವ್ವ ಬಂದು ಬಾಜೂಕ ಕುಂತ್ಲು. ಹೇಳಿರಲಿಲ್ಲ ಅಕಿಗಿ. ಮದರಬಿ ಅವತ್ತ ಮನಿ ಬಿಟ್ಟು ಬರಲೇ ಇಲ್ಲ. ಇಪ್ಪತ್ತಾರು ವರ್ಷದಾಗ ಅತ್ತಿ ಸೊಸಿ ಒಂದ ಕಟ್ಟಿ ಮ್ಯಾಲ ಜಗಳಿಲ್ದ ಕುಂತದ್ದು ಅವತ್ತ. ಓಣಿ ಮಂದಿ ಯಾರೋ ಸತ್ತಾರಂತ ಬಂದು ಕೇಳಿ ಹೋದ್ರು.

ಒಳಗ ಮಗ್ಗ ಸಪ್ಪಳಾ ಮಾಡಿತು. ನಿನ್ನೀವು ಉಳದ ಕಂಡಿಕಿ ತೀರಿದ್ವು. ಮುತ್ತಪ್ಪ ತಲಿ ಎತ್ತಲಾರದ ಕೈ ಹಿಂದಕ ಚಾಚಿದ. ದಿನಾ ಹಂಗ ಚಾಚತಾನ. ದಿನಾ ಯಾರರೆ ಕೈಯಾಗ ಇಡತೇವಿ. ಕೈ ಹಂಗ ಗಾಳ್ಯಾಗ ನಿಂತಿತು.

"ಯವ್ವಾ, ಕಂಡಿಕಿ!"

"ನಾ ಸುಮ್ನ ಕುಂತೇನಪಾ. ನೀನ ಹೇಳಿದ್ಯಲಾ, ಸುಮ್ನ ಕುಂದರತಾರಂತ."

ಕುಣಿಯಿಂದ ಎದ್ದು ಬಂದ. ಸಿಟ್ಟಿಗಿ ಬಂದ. "ಮಧ್ಯಾಹ್ನ ಸೀರಿ ಮಗ್ಗದಿಂದ ಇಳೀಬೇಕು. ಚ್ಯಾಷ್ಟಿ ಮಾಡಬ್ಯಾಡ."

"ನೀ ಒಬ್ಬನ ಅಲಾ ದುಡಿಯಾಂವ? ದುಡಿ."

ತಾನ ರಾಟಿ ಮುಂದ ಕುಂತ. ನೂಲು ಹನ್ನೊಂದು ಸಲ ಹರಕೊಂಡ. ಕಂಡಿಕಿ ನಡಕ ಹೊಟ್ಟಿ ಬಂತು, ಬಸರಿ ಆದಂಗ. ಲಾಳ್ಯಾಗ ಹಾಕಿದ, ಸಿಕ್ಕೊಂಡಿತು. ಹಾಸಿನ ಎಳಿ ಹರದ್ವು. ಹರದ ಎಳಿ ಹಿಡಕೊಂಡು ಮಗ್ಗದಾಗ ಸುಮ್ನ ಕುಂತ. ನೇಯಾಂವ ಆಗಿ ಮೂವತ್ತು ವರ್ಷ ಆತು, ಅಂವಗ ಕೆಚ್ಚಾಕ ಬರತಿರಲಿಲ್ಲ.

ಭಾಳೊತ್ತಿನ ಮ್ಯಾಲ ಹೊರಗ ಬಂದ. ವೀರವ್ವನ ಮುಂದ ನಿಂತ. ನನ್ನ ಮುಂದ ಅಲ್ಲ, ಅಕಿ ಮುಂದ.

"ಆ ಮಾಸ್ತರ ಮುಂದ ನಾ ಅನಬಾರದಿತ್ತು," ಅಂದ.

"ಅನಬಾರದಿತ್ತು ಅಂದ್ರ ಆತೇನ?" ಅಂದ್ಲು ವೀರವ್ವ. ಗಂಡನ ಮಾರೀಗಿ ನೋಡಿ ಅಂದ್ಲು. "ಕೆಚ್ಚಿ ಕೆಚ್ಚಿ ನನ್ನ ಕಣ್ಣು ಹ್ವಾದ್ವು. ಚಸ್ಮಾ ಕೇಳಿದ್ರ, ಮನ್ಯಾಗ ಇರಾಕಿಗಿ ಚಸ್ಮಾ ಯಾಕ ಅಂದಿ. ಬರದು ಕೊಡು."

ಮುತ್ತಪ್ಪ ಮಗಳ ಹಾಳಿ ಇಸಗೊಂಡು ಬರದ. ನಮ್ಮ ಮಗ್ಗದಾಗ ನಾಕು ಮಂದಿ ದುಡೀತೇವಿ ಅಂತ. ಹೆಸರು ಬರದ. ಮದರಬಿ ಹೆಸರೂ ಬರದ. ಕೆಳಗ ಸಹಿ ಮಾಡಿದ. ಆಮ್ಯಾಲ ವೀರವ್ವ ಹರದ ಎಳಿ ಕೆಚ್ಚಿದ್ಲು. ಆಮ್ಯಾಲ, ಮೊದಲಲ್ಲ.

ಸೋಮವಾರ ಮುಂಜಾನಿ ಮೊದಲನೇ ಬಸ್ಸಿಗಿ ನಾನೂ ಹೊಂಟೆ. ರಾಟಿ ಹೊತಗೊಂಡು. ಮದರಬಿ ತನ್ನ ರಾಟಿ ತಂದ್ಲು. ಮಧುಮತಿ ಬ್ಯಾಡ ಬ್ಯಾಡ ಅಂದ್ಲು.

"ಆಯಿ, ನೀ ಬಂದ್ರ ಇನ್ನಷ್ಟು ಕೆಡತೈತಿ. ಅಲ್ಲೆ ಹಿಂಗೆಲ್ಲಾ ನಡೆಯಂಗಿಲ್ಲ."

"ಏನ ಮಾಡಲಿ, ಮನ್ಯಾಗ ಕೆಲಸ ಇಲ್ಲಲಾ? ತಿರಗ್ಯಾಡಿ ಬರತೇನಿ."

ಕಂಡಕ್ಟರ್ ರಾಟಿ ನೋಡಿ, "ಅಜ್ಜೀ, ಲಗೇಜ್ ಟಿಕೀಟು ತಗೀಬೇಕು," ಅಂದ.

"ಹೆಣ್ಮಕ್ಳಿಗಿ ಬಸ್ಸು ಪುಕ್ಕಟ ಐತಿಲ್ಲೋ. ಇದೂ ಹೆಣ್ಣ ರಾಟಿ. ನೋಡು, ಗಂಡಸು ಮುಟ್ಟಿದ್ರ ತಿರಗೂದಿಲ್ಲ."

ಬಸ್ಸಿಗಿ ಬಸ್ಸ ನಕ್ಕಿತು. ರೋಣ ದಾಟಿ, ನರಗುಂದ ದಾಟಿ ಹ್ವಾದ್ವಿ. ರಾಟಿ ತೊಡಿ ಮ್ಯಾಲ ಇಟಗೊಂಡು ಕುಂತು ಕಾಲು ಜೋಮು ಹಿಡದ್ವು. ಮಧುಮತಿ ಕಿಡಕಿ ಕಡೆ ಮಾರಿ ಮಾಡಿ ಕುಂತಿದ್ಲು. ಬ್ಯಾಗಿನ್ಯಾಗ ಎರಡು ಪ್ರಾಜೆಕ್ಟು ಇದ್ವು. ಒಂದು ಅಕಿದು. ಒಂದು ಸರ್ ಹೇಳಿದಂಗ ತಿದ್ದಿದ್ದು. ರಾತ್ರಿ ಕದ್ದು ತಿದ್ದಿದ್ಲು. ನನಗ ಗೊತ್ತಿತ್ತು. ನಾ ಗೊತ್ತಿಲ್ಲದಂಗ ಕುಂತೆ.

ಯುನಿವರ್ಸಿಟಿ ಅಂದ್ರ ಏನ ಕೇಳತೀರಿ. ನಮ್ಮೂರು ಎತ್ತಿ ಒಳಗಿಟ್ರ, ಬಾಜೂ ಊರು ನರೇಗಲ್ಲಿನಂಥಾ ಎರಡಕ್ಕ ಜಾಗಾ ಉಳೀತೈತಿ. ಅರ್ಥಶಾಸ್ತ್ರದ ಮಂದೀಗಿ ಬ್ಯಾರೆ ಕಟ್ಟಡ. ನುಣ್ಣನ ಕಲ್ಲಿನ ನೆಲ. ನಮ್ಮ ಕಾಲಾಗಿನ ಧೂಳಿಗೇ ನಾಚಿಕಿ ಬಂತು. ನನಗ ಬರಲಿಲ್ಲ.

ಸರ್ ತನ್ನ ಖೋಲ್ಯಾಗ ಕುಂತಿದ್ದ. ಮುತ್ತಪ್ಪ ಬರದ ಕಾಗದ ಎರಡ ಬೆರಳಿಲೆ ಹಿಡದು ಓದಿದ. ಸತ್ತ ಇಲಿ ಹಿಡದಂಗ.

"ಇದು ನಡೆಯೋದಿಲ್ಲ. ಮೊನ್ನೆ ಒಂದು ಹೇಳಿದರು, ಇವತ್ತು ಒಂದು. ನೀನು ಒತ್ತಾಯ ಮಾಡಿ ಬರೆಸಿದ್ದೀಯ."

"ಸರ್, ನಲವತ್ತು ಮನೀದೂ ತಾಸು ಬರದೇನ್ರಿ," ಅಂದ್ಲು ಮಧುಮತಿ.

"ನೋಡಮ್ಮಾ, ಹೆಂಗಸರು ಮನೇಲಿ ಮಾಡೋದು ಪ್ರೀತಿಯಿಂದ. ಅದನ್ನ ಕೆಲಸ ಅಂದ್ರೆ ಅವರಿಗೇ ಅವಮಾನ."

ನಾ ಸುಮ್ನ ಇರಬೇಕಂತ ಎಲ್ಲವ್ವನ ಮ್ಯಾಲ ಆಣಿ ಮಾಡಿದ್ದೆ. ಎಲ್ಲವ್ವ ಕ್ಷಮಾ ಮಾಡ್ಲಿ.

"ಪ್ರೀತಿಲೆ? ನನ್ನ ಸೊಸಿ ನನ್ನ ಮಗನಿಗಿ ಎಳಿ ಕೆಚ್ಚಿ ಕೊಡತಾಳ್ರಿ, ಪ್ರೀತಿಲೆ ಅಲ್ಲ, ಹೊಟ್ಟಿಗಿ. ಮದರಬಿಗಿ ನನ್ನ ಮಗನ ಮ್ಯಾಲ ಪ್ರೀತಿ ಐತಿ ಅಂದ್ರ ಬಾಬುಸಾಬ ದಬ್ಬಣ ತಗೊಂಡು ಬರತಾನ, ಗಾದಿ ಹೊಲಿಯೋ ದಬ್ಬಣ. ನೀವು ಇಲ್ಲೆ ಪಾಠ ಹೇಳತೀರೆಲ್ಲ, ಪ್ರೀತಿಲೆ ಹೇಳತೀರೇನು? ಹಂಗಾದ್ರ ಪಗಾರ ಬ್ಯಾಡ ಅನ್ರಿ."

ಅಂವನ ಮಾರಿ ಕೆಂಪಗಾತು. "ಇವರನ್ನ ಯಾಕೆ ಕರ್ಕೊಂಡು ಬಂದೆ? ಹೊರಗೆ ನಡೀರಿ. ಐದು ಗಂಟೆ ಒಳಗೆ ತಿದ್ದಿದ್ದು ತಂದುಕೊಡು. ಇಲ್ಲಾಂದ್ರೆ ಮುಖ ತೋರಿಸಬೇಡ."

ಹೊರಗ ಬಂದ್ವಿ. ಅಂವನ ಬಾಗಲಾ ಮುಂದ ನಾ ರಾಟಿ ಇಳಿಸಿದೆ. ಮದರಬಿ ಇಳಿಸಿದ್ಲು. ನೂಲು ಏರಿಸಿದ್ವಿ. ಕುಂತ್ವಿ.

ನನ್ನ ರಾಟಿ ಕಿರ್ ಅಂತೈತಿ. ಹತ್ತು ವರ್ಷದಿಂದ ಎಣ್ಣಿ ಕಂಡಿಲ್ಲ. ಮನ್ಯಾಗ ಆ ಸಪ್ಪಳಾ ಕೇಳಂಗಿಲ್ಲ. ಆ ಕಟ್ಟಡದಾಗ ಹೆಂಗ ಕೇಳಿತಂದ್ರ, ಹತ್ತು ಹಂದಿ ಕೊಯ್ದಂಗ ಕೇಳಿತು. ಖೋಲಿ ಖೋಲಿಯಿಂದ ಹುಡುಗ್ರು ಹುಡುಗ್ಯಾರು ಹೊರಗ ಬಂದ್ರು. ಕೆಲವ್ರು ಮೊಬೈಲ್ ಹಿಡದ್ರು. ಕೆಲವ್ರು ನಕ್ರು. ಒಬ್ಬಾಕಿ ಮೊಣಕಾಲ ಊರಿ ಕುಂತು, ಅಜ್ಜೀ ಏನ ಮಾಡಾಕತ್ತೀರಿ ಅಂತ ಕೇಳಿದ್ಲು.

"ಏನೂ ಇಲ್ಲವಾ. ನಿಮ್ಮ ಸರ್ ಕೇಳು. ನಾವು ಏನೂ ಮಾಡಂಗಿಲ್ಲ," ಅಂದೆ.

ತಾಸು ಆತು. ಐದು ತಾಸು ಆತು. ಸರ್ ಮೂರು ಸಲ ಬಾಗಲಾ ತಗದು, ಮೂರು ಸಲ ಬಡಿದು ಹಾಕಿದ. ನಾಕನೇ ಸಲ ವಾಚಮನ್ನ ಕರಸಿದ. ಕರೆಪ್ಪ ಅಂತ. ಬೆಳವಣಕಿಯಾಂವ. ಮಾತು ಕೇಳಿದ ಕೂಡಲೇ ನಮ್ಮ ಕಡೀಯಾಂವ ಅಂತ ಗೊತ್ತಾತು.

"ಇವರನ್ನ ಎಬ್ಬಿಸಿ ಹೊರಗೆ ಹಾಕು," ಅಂದ ಸರ್.

ಕರೆಪ್ಪ ನಮ್ಮ ಕಡೆ ನೋಡಿದ. ಟೊಪಗಿ ತಗದು ತಲಿ ಕೆರಕೊಂಡ. "ಹೆಣ್ಮಕ್ಳದಾರ್ರಿ ಸರ್. ನಾ ಮುಟ್ಟಿದ್ರ ನಾಳಿ ನನ್ನ ಮ್ಯಾಲ ಬರತೈತಿ. ನಾ ಗುತ್ತಿಗಿ ಆಳು, ಒಂದ ಮಾತಿಗಿ ತಗದು ಹಾಕತಾರ. ಬರದು ಕೊಡ್ರಿ. ಬರದು ಕೊಟ್ರ ಎಬ್ಬಸತೇನಿ."

ಸರ್ ಸಿಟ್ಟಿಲೆ ಒಳಗ ಹೋಗಿ ಬರದ. ಸಹಿ ಮಾಡಿದ. ಶಿಕ್ಕಾ ಹೊಡದ. ತಂದು ಕರೆಪ್ಪನ ಎದಿಗಿ ಒಗದ.

ಕರೆಪ್ಪ ಕಾಗದ ನಮ್ಮ ಮುಂದ ಹಿಡದು ಓದಿದ. ಅಂವಗ ಓದು ಅಷ್ಟಕ್ಕಷ್ಟ. ಒಂದೊಂದ ಅಕ್ಷರ ಎತ್ತಿ ಎತ್ತಿ ಇಟ್ಟ.

"ಗಜೇಂದ್ರಗಡದ ನೇಕಾರ ಮಹಿಳೆಯರಾದ ಸಣ್ಣವ್ವ ಹಾಗೂ ಮದರಬಿ ಎಂಬುವವರು ಬೆಳಗ್ಗೆ ಹನ್ನೊಂದು ಗಂಟೆಯಿಂದ ವಿಭಾಗದ ಬಾಗಿಲಲ್ಲಿ ಕುಳಿತು ಕಂಡಿಕೆ ಸುತ್ತುವ ಕೆಲಸ ಮಾಡುತ್ತಿದ್ದು, ಅವರ ಕೆಲಸದಿಂದ ತರಗತಿಗೆ ತೊಂದರೆಯಾಗುತ್ತಿದೆ. ಈ ಕೆಲಸವನ್ನು ಕೂಡಲೇ ನಿಲ್ಲಿಸಿ ಅವರನ್ನು ಹೊರಗೆ ಕಳುಹಿಸತಕ್ಕದ್ದು."

ನನ್ನ ರಾಟಿ ನಿಂತಿತು. ನಾನ ನಿಂದರಿಸಿದೆ.

ಮಧುಮತಿ ಮೊಬೈಲ್ ತಗದು ಆ ಕಾಗದದ ಫೋಟೋ ಹೊಡದ್ಲು. ಎರಡನೇ ಸಲ ಹೊಡದ್ಲು.

"ಸರ್, ಎಷ್ಟು ಸಲ ಕೆಲಸ ಅಂತ ಬರದೀರಿ ನೋಡ್ರಿ. ತಾಸೂ ಬರದೀರಿ. ನಾ ಬರದದ್ದೂ ಇಷ್ಟ ರೀ."

ಸರ್‌ಗ ಆಗ ಹೊಳೀತು. "ಕೊಡು ಅದನ್ನ," ಅಂತ ಕರೆಪ್ಪನ ಕೈಗಿ ಕೈ ಹಾಕಿದ.

ಕರೆಪ್ಪ ಕಾಗದ ಮಡಚಿ ಅಂಗಿ ಕಿಸೇದಾಗ ಇಟ್ಟ. ಗುಂಡಿ ಹಾಕಿದ. "ನನಗ ಕೊಟ್ಟದ್ದು ರೀ ಸರ್. ಡ್ಯೂಟಿ ಕಾಗದ. ವಾಪಸ್ ಕೊಡಾಂಗಿಲ್ಲ."

"ನಿನ್ನ ನೌಕರಿ ತೆಗಿಸ್ತೀನಿ!"

"ತಗಸ್ರಿ. ಬರದು ಕೊಡ್ರಿ ಅದನ್ನೂ."

ಹುಡುಗ್ರು ಹೋ ಅಂದ್ರು. ಸರ್ ಒಳಗ ಹೋಗಿ ಚಿಲಕಾ ಹಾಕ್ಕೊಂಡ. ಕರೆಪ್ಪ ನಮ್ಮ ಕಡೆ ತಿರುಗಿ, "ಯವ್ವಾ, ಇನ್ನ ಏಳ್ರಿ. ಬರದು ಕೊಟ್ಟಾನ, ನಾ ಎಬ್ಬಸಬೇಕು," ಅಂದ. ನನ್ನ ರಾಟಿ ತಾನ ಎತಗೊಂಡ.

ಐದಕ್ಕ ಹತ್ತು ನಿಮಿಷ ಇತ್ತು. ಪ್ರಾಜೆಕ್ಟು ಇಸಗೊಳ್ಳೋ ಕಿಡಕಿ ಮುಂದ ಮಧುಮತಿ ನಿಂತ್ಲು. ಬ್ಯಾಗಿನ್ಯಾಗ ಕೈ ಹಾಕಿದ್ಲು. ಎರಡೂ ಹೊರಗ ತಗದ್ಲು. ತಿದ್ದಿದ್ದು ಒಂದು ಕೈಯಾಗ, ತಿದ್ದಲಾರದ್ದು ಒಂದು ಕೈಯಾಗ. ನನ್ನ ಕಡೆ ನೋಡಿದ್ಲು.

ನಾ ಮಾರಿ ತಿರುವಿದೆ. ನಾ ಹೇಳಿದ್ರ ಅದು ನಂದಾಗತಿತ್ತು.

ತಿದ್ದಿದ್ದನ್ನ ನಡಕ ಹರದ್ಲು. ನಾಕು ಚೂರು ಮಾಡಿದ್ಲು. ಮೊಬೈಲಿನ ಫೋಟೋ ಕೊಟ್ಟು ತಗಸಿದ್ದ ಸರ್ ಕಾಗದದ ಝೆರಾಕ್ಸ್ ತನ್ನ ಪ್ರಾಜೆಕ್ಟಿನ ಮೊದಲನೇ ಹಾಳಿಗಿ ಪಿನ್ನು ಹೊಡದು ಕಿಡಕಿ ಒಳಗ ಕೊಟ್ಲು.

ಒಳಗಿನ ಗುಮಾಸ್ತ ಹಾಳಿ ತಿರುವಿ ಹಾಕಿದ. "ಗೈಡ್ ಸಹಿ ಎಲ್ಲೈತಿ?"

"ಅಲ್ಲೆ ಐತಿ ನೋಡ್ರಿ. ಶಿಕ್ಕಾನೂ ಐತಿ."

ಅಂವ ಆ ಝೆರಾಕ್ಸ್ ಓದಿದ. ಇನ್ನೊಮ್ಮೆ ಓದಿದ. ಕಿಡಕ್ಯಾಗ ಬಗ್ಗಿ, ಮದರಬಿ ಮಡಲಾಗಿನ ಕಂಡಿಕಿ ನೋಡಿದ.

"ಇದು ನಡೆಯಂಗಿಲ್ಲವಾ. ತಗೊಂಡೇನಿ ಅಂತ ಬರಕೋತೇನಿ, ಅಷ್ಟ. ಪಾಸು ಮಾಡೋದು ನನ್ನ ಕೈಯಾಗಿಲ್ಲ."

"ಬರಕೋರಿ," ಅಂದ್ಲು ಹುಡುಗಿ.

ಬರಕೊಂಡ.

ಇದಾಗಿ ಎರಡು ತಿಂಗಳಾತು. ಪಾಸೋ ನಪಾಸೋ ಇನ್ನೂ ಹೇಳಿಲ್ಲ. ಕರೆಪ್ಪನ್ನ ಗೇಟಿಗಿ ಹಾಕ್ಯಾರಂತ, ಬಿಸಲಾಗ. ನಪಾಸ್ ಮಾಡೇ ಮಾಡತೇನಿ ಅಂತ ಸರ್ ಅಂದಾನಂತ. ಆ ಸುದ್ದಿ ಬಂದ ದಿನ ನಮ್ಮ ಕಟ್ಟಿಗಿ ವೀರವ್ವ ಬಂದ್ಲು, ಮದರಬಿ ಬಂದ್ಲು. ಸಂಜಿತನಕ ನಲವತ್ತು ಮನಿ ಹೆಣ್ಮಕ್ಳೂ ಒಬ್ಬೊಬ್ರ ಬಂದು ಕೇಳಿ ಹೋದ್ರು, ಯುನಿವರ್ಸಿಟಿಗಿ ಬಸ್ಸು ಎಷ್ಟೊತ್ತಿಗಿ ಅಂತ.

ಮಾಡ್ಲಿ ನಪಾಸು. ಮುಂದಿನ ಸಲ ನಾವು ಇಬ್ರ ಅಷ್ಟ ಹೋಗಂಗಿಲ್ಲ.